ಪ್ಲಾನ್ ಸಿದ್ದರಾಮು ತೆಗೆದ ಜೋಡಿ ಫೋಟೋ

ಮಳವಳ್ಳಿ ಬಸ್‌ಸ್ಟ್ಯಾಂಡು ದಾಟಿ ಪೇಟೆ ಬೀದಿಗೆ ತಿರುಗಿಕೊಳ್ಳುವ ಮೂಲೆಯಲ್ಲಿ ಸಿದ್ದರಾಮುವಿನ ಸ್ಟುಡಿಯೋ. ಬೋರ್ಡಿನ ಮೇಲೆ ಮನೆದೇವರ ಹೆಸರಿದೆ, ಓದಿದವರಿಲ್ಲ. ತಾಲ್ಲೂಕಿಗೆಲ್ಲ ಅದು ಪ್ಲಾನ್ ಸಿದ್ದರಾಮು ಅಂಗಡಿ. ಬೇರೆ ಫೋಟೋಗ್ರಾಫರುಗಳು ಮೊದಲು ಫೋಟೋ ಹೊಡೆದು ಆಮೇಲೆ ಕಂಪ್ಯೂಟರಿನಲ್ಲಿ ತಿದ್ದುತ್ತಾರೆ. ಇವನದು ಉಲ್ಟಾ. ಮೊದಲು ಕಂಪ್ಯೂಟರು, ಆಮೇಲೆ ಮನುಷ್ಯ. ಅವನ ಕಂಪ್ಯೂಟರಿನಲ್ಲಿ ಒಂದು ಖಾಲಿ ಕೋಣೆ ಇದೆ, ಕೋಣೆಯೊಳಗೆ ಬೂದಿ ಬಣ್ಣದ ಗೊಂಬೆ. ಬಂದವರ ಎತ್ತರ, ಮುಖದ ಅಗಲ, ಮೂಗಿನ ಉದ್ದ ಎಲ್ಲವನ್ನೂ ಗೊಂಬೆಗೆ ಕೊಟ್ಟು, ಮೌಸು ಹಿಡಿದು ಲೈಟನ್ನು ಅತ್ತ ಎಳೆದು ಇತ್ತ ತಳ್ಳಿ, ಮೂಗಿನ ನೆರಳು ತುಟಿ ಮೇಲೆ ಬೀಳುತ್ತದೋ ಕೆನ್ನೆ ಮೇಲೆ ಬೀಳುತ್ತದೋ ನೋಡುತ್ತಾನೆ. ಒಪ್ಪಿಗೆಯಾದರೆ ನೆಲಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಲೈಟಿನ ಕಾಲುಗಳನ್ನು ಆ ಗುರುತಿಗೆ ನಿಲ್ಲಿಸಿ, ಗಿರಾಕಿಯನ್ನು ಕರೆದು ಕೂರಿಸಿ, ಒಂದೇ ಒಂದು ಸಲ ಗುಂಡಿ ಒತ್ತುತ್ತಾನೆ. ಎರಡನೆಯದು ಇಲ್ಲ.

ಒಪ್ಪಿಗೆ ಆಗುವುದೇ ಕಷ್ಟ. ಮರಿಸಿದ್ದಯ್ಯ ಎಂಬ ರೈತ ಪಹಣಿ ಕೆಲಸಕ್ಕೆ ಫೋಟೋ ಬೇಕೆಂದು ಬಂದು ಕೂತವನು, ಎದ್ದು ಹೋಗುವಾಗ ಹಲ್ಲು ಕಟ್ಟಿಸಿಕೊಂಡಿದ್ದ; ಅದೇ ಫೋಟೋವನ್ನು ವೃದ್ಧಾಪ್ಯ ವೇತನದ ಅರ್ಜಿಗೆ ಅಂಟಿಸಿದ. ನಿಶ್ಚಿತಾರ್ಥದ ಫೋಟೋಗೆ ಅಂತ ಮದ್ದೂರಿನಿಂದ ಬಂದ ಜೋಡಿಯೊಂದು ಪ್ಲಾನು ಮುಗಿಯುವ ಹೊತ್ತಿಗೆ ಕೂಸಿಗೆ ಹೆಸರಿಡುವ ಶಾಸ್ತ್ರ ಮುಗಿಸಿಕೊಂಡು, ಕೂಸಿನ ಸಮೇತ ಕೂತು ಹೊಡೆಸಿಕೊಂಡಿತು. ಒಂದು ದಿನ ಸೂರ್ಯನೇ ಇಳಿದು ಬಂದು, ನಾಳೆ ಮಳವಳ್ಳಿಯಲ್ಲಿ ಯಾವ ಮಗ್ಗುಲಿಂದ ಹುಟ್ಟಲಿ ಸಿದ್ದರಾಮಣ್ಣ ಎಂದು ಕೇಳಿ ಬರೆದುಕೊಂಡು ಹೋದ ಅನ್ನುವವರೂ ಇದ್ದಾರೆ. ಸೂರ್ಯ ಬಂದದ್ದು ನಿಜವೋ ಸುಳ್ಳೋ, ಸಿದ್ದರಾಮು ಅವನನ್ನು ಬಾಗಿಲಲ್ಲೇ ನಿಲ್ಲಿಸಿ, 'ಇನ್ನೊಂದ್ ವಾರ ಬುಟ್ಟು ಬಾ' ಎಂದಿರುತ್ತಾನೆ. ಅದರಲ್ಲಿ ಅನುಮಾನವಿಲ್ಲ.

ಊರು ನಗುತ್ತಿತ್ತು. ಈ ನಗುವಿನ ಬುಡ ಎಲ್ಲಿದೆ ಎಂದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಒಬ್ಬ ಸಿದ್ದರಾಮು, ಇನ್ನೊಬ್ಬಳು ಅವನ ತಂಗಿ ಮಲ್ಲಿಗಮ್ಮ.

ಸಿದ್ದರಾಮು ಕೆಲಸ ಕಲಿತದ್ದು ಮಂಡ್ಯದಲ್ಲಿ, ಹೊನ್ನಯ್ಯ ಎಂಬ ಫೋಟೋಗ್ರಾಫರ ಕೈಕೆಳಗೆ. ರೀಲಿನ ಕಾಲ ಅದು. ಹೊನ್ನಯ್ಯ ಮಹಾ ಮುಂಗೋಪಿ. ಒಂದು ಫೋಟೋ ಕೆಟ್ಟರೆ ಬೈಗುಳ ಮದ್ದೂರಿಗೆ ಕೇಳಿಸುತ್ತಿತ್ತು, ಎರಡು ಕೆಟ್ಟರೆ ಮಳವಳ್ಳಿಗೆ. ರೀಲೇನು ನಿಮ್ಮಪ್ಪನ ಗದ್ದೇಲಿ ಬೆಳೀತದಾ ಎಂಬುದು ಅವರ ಸುಪ್ರಭಾತ. ಅಂಥವರು ಕೂಡ ತಂಗಿಯ ಮದುವೆಗೆಂದು ಕ್ಯಾಮೆರಾ ಕೊಟ್ಟು ಕಳಿಸಿದರು. ಕಿರುಗಾವಲಿನ ನಾಗರಾಜುವಿನ ಜೊತೆ ಮಲ್ಲಿಗಮ್ಮನ ಮದುವೆ. ಸಿದ್ದರಾಮು ಚಪ್ಪರದ ಕಂಬ ಹತ್ತಿ ಇಳಿದು, ಊಟದೆಲೆ ದಾಟಿ, ಹೊಡೆದದ್ದೇ ಹೊಡೆದದ್ದು. ಕ್ಯಾಮೆರಾ ಪ್ರತಿ ಸಲವೂ ಚಟಕ್ ಎಂದಿತು. ಮಂಡ್ಯಕ್ಕೆ ಹೋಗಿ ತೊಳೆದು ನೋಡಿದರೆ ರೀಲಿನ ತುದಿ ಕ್ಯಾಮೆರಾದೊಳಗಿನ ಚಕ್ರದ ಹಲ್ಲಿಗೆ ಕಚ್ಚಿಕೊಂಡೇ ಇರಲಿಲ್ಲ. ಇಡೀ ಮದುವೆ ಹೊರಗೆ ನಡೆದಿತ್ತು, ರೀಲು ಡಬ್ಬಿಯೊಳಗೆ ನಿದ್ದೆ ಹೊಡೆದಿತ್ತು.

ಆವತ್ತು ಹೊನ್ನಯ್ಯ ಬೈಯಲಿಲ್ಲ. ನಕ್ಕು, "ನಿನ್ ತಂಗಿ ಮದುವೇನೇ ಆಗಿಲ್ಲ ಕಣ್ಲಾ, ಸಾಕ್ಷಿ ಎಲ್ಲೈತೆ?" ಎಂದರು. ಬೈದಿದ್ದರೆ ಮರೆಯುತ್ತಿದ್ದ. ಆ ನಗು ಸಿದ್ದರಾಮುವಿನ ಕಿವಿಯಲ್ಲಿ ಮನೆ ಕಟ್ಟಿಕೊಂಡು, ಈಗ ಮಹಡಿ ಎಬ್ಬಿಸಿದೆ.

ಮಲ್ಲಿಗಮ್ಮ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. ನಮ್ಮಣ್ಣ ಸ್ವಂತ ಅಂಗಡಿ ಇಟ್ಟ ಮೇಲೆ ಇದಕ್ಕಿಂತ ಚೆನ್ನಾಗಿ ತೆಗೆಯುತ್ತಾನೆ ಎಂದಳು. ಬಾಯಿ ಮಾತಿಗೆ ಅಂದದ್ದಲ್ಲ ಅದು, ಹಟ. ಗಂಡನ ಜೊತೆ ಬೇರೆ ಯಾರ ಕ್ಯಾಮೆರಾಕ್ಕೂ ನಿಲ್ಲಲಿಲ್ಲ. ಮೊಬೈಲು ಬಂದು ಊರಿನ ಎಮ್ಮೆಗಳೂ ಸೆಲ್ಫಿಗೆ ಕತ್ತು ಓರೆ ಮಾಡುವ ಕಾಲ ಬಂದರೂ, ಮಗಳು ಮಂಜುಶ್ರೀ ಫೋನು ಎತ್ತಿದರೆ ಸೆರಗು ಅಡ್ಡ ಹಿಡಿದು ಒಳಗೆ ಹೋಗುತ್ತಿದ್ದಳು. ಜೋಡಿ ಫೋಟೋ ಅಂದರೆ ನಮ್ಮಣ್ಣನೇ ತೆಗೆಯಬೇಕು.

ಅಣ್ಣ ಮಳವಳ್ಳಿಯಲ್ಲಿ ಅಂಗಡಿ ಇಟ್ಟ. ಸಂತೆಗೆ ಬಂದಾಗಲೆಲ್ಲ ಗಂಡ ಹೆಂಡತಿ ಬಂದು ಬೆಂಚಿನ ಮೇಲೆ ಕೂತರು. ಆದರೆ ಈ ಇಬ್ಬರನ್ನು ಕ್ಯಾಮೆರಾ ಮುಂದೆ ಕಂಡರೆ ಸಿದ್ದರಾಮುವಿನ ಬೆರಳಿಗೆ ಜ್ವರ ಬರುತ್ತಿತ್ತು. ಕರೆಂಟು ಸರಿಯಿಲ್ಲ ಎನ್ನುತ್ತಿದ್ದ. ಪರದೆ ಒಗೆಯಲು ಹಾಕಿದೆ ಎನ್ನುತ್ತಿದ್ದ. ಊರಿನ ಮುಖಗಳನ್ನೆಲ್ಲ ಧೈರ್ಯವಾಗಿ ಹೊಡೆಯುತ್ತಿದ್ದವನು ತಂಗಿಯ ಮುಖಕ್ಕೆ ಬಂದರೆ ಕ್ಯಾಮೆರಾದ ಬೆನ್ನು ತೆಗೆದು ನೋಡುವುದು, ಮುಚ್ಚುವುದು, ಮತ್ತೆ ತೆಗೆಯುವುದು.

ಆಮೇಲೆ ಮೊಬೈಲು ಎಲ್ಲರ ಜೇಬಿಗೂ ಬಂದು ಸ್ಟುಡಿಯೋ ಮುಚ್ಚುವ ಹಾಗಾದಾಗ, ಮಂಡ್ಯದಲ್ಲಿ ಮದುವೆ ಆಲ್ಬಂ ಮಾಡುವ ಗೆಳೆಯನೊಬ್ಬ ಈ ಗೊಂಬೆ ಪ್ರೋಗ್ರಾಂ ತೋರಿಸಿದ. ಸಿದ್ದರಾಮುವಿಗೆ ದೇವರೇ ಸಿಕ್ಕಿದ ಹಾಗಾಯಿತು. ಗೊಂಬೆ ಕಣ್ಣು ಮಿಟುಕಿಸುವುದಿಲ್ಲ, ಬೇಸರ ಮಾಡಿಕೊಳ್ಳುವುದಿಲ್ಲ, ಬಸ್ಸಿಗೆ ಹೊತ್ತಾಯಿತು ಎನ್ನುವುದಿಲ್ಲ. ತಪ್ಪಿದರೆ ಅಳಿಸಿ ಮತ್ತೆ. ಅವನು ಮೊದಲು ಮಾಡಿದ ಪ್ಲಾನು ತಂಗಿ ಬಾವನದೇ. ಎರಡು ಗೊಂಬೆ ಅಕ್ಕಪಕ್ಕ ಕೂರಿಸಿದ. ದಿನಾ ಅಂಗಡಿ ತೆರೆದು ಊದುಕಡ್ಡಿ ಹಚ್ಚಿ, ಆ ಎರಡು ಗೊಂಬೆಗೆ ಬೆಳಕು ಹಾಯಿಸಿ ನೋಡುವುದು ಪೂಜೆಯ ಹಾಗೆ ಆಯಿತು. ಒಂದು ದಿನ ನಾಗರಾಜುವಿನ ಗೊಂಬೆಯ ಗದ್ದ ಹೆಚ್ಚಾಯಿತು ಎನ್ನಿಸುವುದು, ಮರುದಿನ ಮಲ್ಲಿಗಮ್ಮನ ಗೊಂಬೆ ಮಂಕಾಯಿತು ಎನ್ನಿಸುವುದು.

ನಾಗರಾಜು ದೊಡ್ಡ ಬಾಯಿಯ ನಗೆಗಾರ. ಅವನು ಕಿರುಗಾವಲಿನ ಗದ್ದೆ ಬದುವಿನ ಮೇಲೆ ನಕ್ಕರೆ ಮಳವಳ್ಳಿಯಲ್ಲಿ ಕೋಳಿ ಹಾರುತ್ತಿದ್ದವು. ಒಂದು ದಿನ ಕಂಪ್ಯೂಟರಿಗೆ ಬಗ್ಗಿ ತನ್ನ ಗೊಂಬೆಯನ್ನು ನೋಡಿ, "ಬಾವ, ಈ ಬೂದಿಗುಂಡನ್ನೇ ಗೋಡೆಗೆ ನೇತಾಕ್ಬುಡು. ನಿನ್ ಪ್ಲಾನು ಮುಗ್ಯೋ ಹೊತ್ಗೆ ನಾನೇ ಮುಗ್ದೋಗಿರ್ತೀನಿ" ಎಂದ. ಮೂವರೂ ನಕ್ಕರು. ಟೀ ಕುಡಿದರು.

ಹಾಗೇ ಆಯಿತು. ಕಬ್ಬು ಕಡಿಸುತ್ತಾ ಇದ್ದವನು ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂತ. ಮತ್ತೆ ಏಳಲಿಲ್ಲ. ಬಾವನ ಮಣ್ಣಿಗೆ ಹೋಗಿದ್ದ ಸಿದ್ದರಾಮು ಮನೆಯ ಗೋಡೆ ನೋಡಿದ. ಮತದಾರರ ಚೀಟಿಯಿಂದ ದೊಡ್ಡದು ಮಾಡಿಸಿದ ನಾಗರಾಜುವಿನ ಫೋಟೋ ಇತ್ತು, ಆನೆ ತುಳಿದು ಎದ್ದ ಮುಖದ ಹಾಗೆ. ಆವತ್ತಿನಿಂದ ಮಲ್ಲಿಗಮ್ಮ ಅಣ್ಣನ ಅಂಗಡಿ ಮೆಟ್ಟಿಲು ಹತ್ತಲಿಲ್ಲ, ಅವನ ಮನೆಯ ನೀರು ಮುಟ್ಟಲಿಲ್ಲ. ಅಂಗಡಿಯ ಕಂಪ್ಯೂಟರಿನೊಳಗೆ ಮಾತ್ರ ಆ ಎರಡು ಗೊಂಬೆ ಮಗ್ಗುಲಲ್ಲೇ ಕೂತಿದ್ದವು. ಅವಕ್ಕೆ ಸಾವಿನ ಸುದ್ದಿ ಯಾರೂ ತಿಳಿಸಿರಲಿಲ್ಲ.

ವರ್ಷ ತುಂಬಿದ ಮೇಲೆ ಮಂಜುಶ್ರೀಗೆ ಗಂಡು ಗೊತ್ತಾಯಿತು. ಅಪ್ಪನಿಲ್ಲದ ಹೆಣ್ಣಿಗೆ ಧಾರೆ ಎರೆಯುವವರು ಯಾರು ಎಂಬ ಮಾತು ಬಂತು. ಸೋದರಮಾವ ಸಿದ್ದರಾಮು, ಅವನ ಹೆಂಡತಿ ಆಶಾರಾಣಿ ನಿಲ್ಲಬೇಕು ಅಂತ ಕೆಲವರು. ನಾಗರಾಜುವಿನ ತಮ್ಮ ಅಪ್ಪು, ನಾವಿರುವಾಗ ಬೇರೆಯವರೇಕೆ ಎಂದ. ಅದರಲ್ಲೂ ತಪ್ಪಿಲ್ಲ. ಸಿದ್ದರಾಮುವಿಗೆ ಮಕ್ಕಳಿರಲಿಲ್ಲ. ಮಂಜುಶ್ರೀ ತೊಟ್ಟಿಲಲ್ಲಿದ್ದಾಗಿನಿಂದ, ಈ ಕೂಸಿನ ಧಾರೆ ನನ್ನ ಕೈಯಲ್ಲೇ ಎಂದು ಊರಿಗೆಲ್ಲ ಹೇಳಿಕೊಂಡು ಬಂದವನು ಅವನು. ಧಾರೆ ಚೊಂಬಿನ ಕತ್ತು ಅವನ ಕೈಯಲ್ಲಿ ಆಗಲೇ ಸವೆದುಹೋಗಿತ್ತು ಎನ್ನಬೇಕು, ಅಷ್ಟು ಸಲ ಮನಸ್ಸಿನಲ್ಲಿ ಹಿಡಿದಿದ್ದ.

ಒಂದು ಬೆಳಿಗ್ಗೆ ಮಲ್ಲಿಗಮ್ಮ ಅಂಗಡಿಗೆ ಬಂದಳು. ಆಶಾರಾಣಿ ಬೆಂಚು ಒರೆಸಿದಳು, ಮಲ್ಲಿಗಮ್ಮ ಕೂರಲಿಲ್ಲ. ನೀರು ತಂದಳು, ಮುಟ್ಟಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಹೇಳಿದಳು.

"ಧಾರೆ ಹೊತ್ನಾಗೆ ನಾನೂ ಅವ್ರೂ ಜೋಡಿಯಾಗಿರೋ ಫೋಟೋ ಮಂಟಪದಲ್ಲಿರ್ಬೇಕು. ಅದ್ನ ನೀನು ಮಾಡ್ಕೊಟ್ರೆ ಚೊಂಬು ಹಿಡ್ಕೊ. ಮಾಡ್ದೆ ಓದ್ರೆ ಅಪ್ಪು ಹಿಡ್ಕೋತಾನೆ. ನೀನು ಊಟುಕ್ ಬಂದು ಓಗು."

ಸಿದ್ದರಾಮು ಏನಾದರೂ ಹೇಳುವ ಮುಂಚೆ ಅವಳೇ ಸೇರಿಸಿದಳು. "ಮುಂದಿನ್ ವಾರ ಅನ್ಬ್ಯಾಡ ಕಣಣ್ಣ."

ಇರುವವಳು ಒಬ್ಬಳು, ಇಲ್ಲದವನು ಒಬ್ಬ. ಇಂಥ ಇಬ್ಬರನ್ನು ಒಂದೇ ಚೌಕಟ್ಟಿನಲ್ಲಿ ಕೂರಿಸುವ ಕೆಲಸ ಸ್ಟುಡಿಯೋಗಳಿಗೆ ಹೊಸದಲ್ಲ. ಹಳೇ ಮುಖ ಕತ್ತರಿಸಿ ಹೊಸ ಮುಖದ ಪಕ್ಕಕ್ಕೆ ಅಂಟಿಸುತ್ತಾರೆ. ನೋಡಿದರೆ ಒಬ್ಬರು ಬಿಸಿಲಲ್ಲಿ, ಒಬ್ಬರು ಅಮಾವಾಸ್ಯೆಯಲ್ಲಿ ಕೂತ ಹಾಗಿರುತ್ತದೆ. ಸಿದ್ದರಾಮುವಿಗೆ ಅದು ಬೇಡವಾಗಿತ್ತು. ಬಾವನ ಮುಖದ ಮೇಲೆ ಬೆಳಕು ಎತ್ತಣಿಂದ ಬಿದ್ದಿತ್ತೋ ಅತ್ತಣಿಂದಲೇ ತಂಗಿಯ ಮುಖಕ್ಕೂ ಬೀಳಿಸಬೇಕು. ಅದಕ್ಕೆ ಗೊಂಬೆ ಬೇಕು, ಪ್ಲಾನು ಬೇಕು. ಜೀವಮಾನದಲ್ಲಿ ಮೊದಲ ಸಲ ಅವನ ಪ್ಲಾನು ನಿಜವಾಗಿಯೂ ಬೇಕಾಗಿತ್ತು.

ಮೊದಲು ಮುಖ ಹುಡುಕಬೇಕಲ್ಲ. ಊರೆಲ್ಲ ತಿರುಗಿದ. ಮೊಬೈಲುಗಳಲ್ಲಿ ನಾಗರಾಜುವಿನ ಬೆನ್ನು ಸಿಕ್ಕಿತು, ಮೊಣಕೈ ಸಿಕ್ಕಿತು, ಊಟದೆಲೆಗೆ ಬಗ್ಗಿದ ನೆತ್ತಿ ಸಿಕ್ಕಿತು. ಕಡೆಗೆ ಮಂಡ್ಯದ ಪಕ್ಕದ ವಿ.ಸಿ. ಫಾರಂ ಎಂಬ ಕೃಷಿ ಕೇಂದ್ರದಲ್ಲಿ ಕೂಲಿ ಕೆಲಸ ಮಾಡುತ್ತಿದ್ದ ಚಲುವಮ್ಮ ಎಂಬ ನೆಂಟರ ಹೆಂಗಸು ಒಂದು ಫೋಟೋ ಕಳಿಸಿದಳು. ಫಾರಂ ನೋಡಲು ಹೋದ ರೈತರು ಕಬ್ಬಿನ ತಾಕಿನ ಮುಂದೆ ಗುಂಪಾಗಿ ನಿಂತದ್ದು. ನಡುವೆ ನಾಗರಾಜು, ಹೆಗಲ ಮೇಲೆ ಟವೆಲ್ಲು, ಎಡ ಹುಬ್ಬಿನ ಮೇಲೆ ಚಿಕ್ಕಂದಿನಲ್ಲಿ ಕರು ಒದ್ದ ಗಾಯದ ಗೀಟು, ಬಾಯಿ ತುಂಬಾ ನಗು. ಮುಖ ಸ್ಪಷ್ಟವಾಗಿತ್ತು, ಬೆಳಕು ಹೊನ್ನಿನ ಹಾಗಿತ್ತು. ತೊಂದರೆ ಒಂದೇ. ಅವನು ಕ್ಯಾಮೆರಾ ನೋಡಿರಲಿಲ್ಲ. ತನ್ನ ಬಲಕ್ಕೆ ನಿಂತಿದ್ದ ಯಾರಿಗೋ ಏನೋ ಹೇಳುತ್ತ ಆ ಕಡೆಗೆ ಪೂರ್ತಿ ತಿರುಗಿದ್ದ.

ಹೆಂಡತಿ ಕೂರುವುದು ಗಂಡನ ಎಡಕ್ಕೆ. ಗೊಂಬೆಗೂ ಗೊತ್ತಿರುವ ಸಂಗತಿ ಇದು. ಮಲ್ಲಿಗಮ್ಮನನ್ನು ಎಡಕ್ಕೆ ಕೂರಿಸಿದರೆ ನಾಗರಾಜು ಅವಳಿಗೆ ಬೆನ್ನು ತಿರುವಿ, ಬೇರೆ ಯಾರ ಜೊತೆಗೋ ಹಲ್ಲು ಕಿರಿಯುವ ಹಾಗೆ ಕಾಣುತ್ತಿದ್ದ. ಮಗಳ ಧಾರೆಯ ಮಂಟಪದಲ್ಲಿ ಇಡುವ ಫೋಟೋ ಅದಲ್ಲ.

ಸಿದ್ದರಾಮು ದಿನಗಟ್ಟಲೆ ಕುಕ್ಕರಗಾಲಲ್ಲಿ ಕೂತು ಯೋಚಿಸಿದ. ಕಡೆಗೆ ಈ ಕಸುಬಿನವರಿಗೆಲ್ಲ ಗೊತ್ತಿರುವ ಸುಲಭದ ದಾರಿ ಹಿಡಿದ. ಬಾವನ ಮುಖವನ್ನು ಕಂಪ್ಯೂಟರಿನಲ್ಲಿ ಎಡಬಲ ಮಗುಚಿದ, ದೋಸೆ ಮಗುಚಿದ ಹಾಗೆ. ಒಂದೇ ಏಟಿಗೆ ನಾಗರಾಜು ಹೆಂಡತಿಯ ಕಡೆ ತಿರುಗಿ ನಗಲು ಶುರು ಮಾಡಿದ. ಬೆಳಕೂ ಮಗುಚಿಕೊಂಡಿತು, ಲೈಟನ್ನು ಅದಕ್ಕೆ ತಕ್ಕಂತೆ ಆ ಕಡೆಗೆ ಎಳೆದ. ಮಲ್ಲಿಗಮ್ಮನ ಗೊಂಬೆಗೆ ಅವಳ ಹಳೇ ಫೋಟೋದ ಮುಖ ಹೊದಿಸಿದ. ಕತ್ತು ಬರಿದಾಗಿತ್ತು. ಕೈ ತಡೆಯಿತು. ಗಂಡ ಪಕ್ಕದಲ್ಲಿ ನಗುತ್ತಿರುವಾಗ ಹೆಂಡತಿಯ ಕತ್ತು ಬರಿದಿರಬಹುದೇ ಎಂದುಕೊಂಡು, ಒಂದು ತಾಳಿಯನ್ನೂ ಬರೆದ. ಕರಿಮಣಿ ಸಮೇತ.

ಆಶಾರಾಣಿ ಬಗ್ಗಿ ನೋಡಿದಳು. ಅವಳು ಮದ್ದೂರಿನವಳು, ಮಾತು ಮುಚ್ಚಿಡುವ ಪೈಕಿ ಅಲ್ಲ. ಚೆನ್ನಾಗೇನೋ ಇದೆ, ನಾಗರಾಜಣ್ಣನ ಥರ ಯಾರೋ ಇನ್ನೊಬ್ಬರು ಕೂತ ಹಾಗಿದೆ ಎಂದಳು. ಸಿದ್ದರಾಮು ಸಿಡುಕಿದ. ಪ್ಲಾನು ಅಂದಮೇಲೆ ಹಾಗೇ ಇರುತ್ತದೆ, ತಂಗಿ ಬಂದು ಕೂತ ಮೇಲೆ ಸರಿಹೋಗುತ್ತದೆ ಎಂದ.

ಮಲ್ಲಿಗಮ್ಮ ಬಂದಳು. ಪರದೆ ಮುಂದೆ ನಿಂತಳು. ಬೀದಿಯಲ್ಲಿ ಹೋದ ಬಸ್ಸಿನ ಹಾರ್ನು ಅಂಗಡಿಯೊಳಗೆ ಬಂದು ಸುತ್ತು ಹಾಕಿ ಹೊರಗೆ ಹೋಯಿತು.

"ಇವ್ರು ಯಾರಣ್ಣ?" ಎಂದಳು.

ಸಿದ್ದರಾಮು ನಗಲು ನೋಡಿದ. ಬಾವ ಕಣಮ್ಮ, ಇನ್ಯಾರು ಎಂದ. ಅವಳು ಬೆರಳು ಚಾಚಿ ಹುಬ್ಬು ತೋರಿಸಿದಳು. ಗಾಯ ಬಲಕ್ಕೆ ಬಂದಿತ್ತು. ಟವೆಲ್ಲು ಇನ್ನೊಂದು ಹೆಗಲಿಗೆ ಹಾರಿತ್ತು. ಬೈತಲೆ ಆ ಕಡೆಯಿಂದ ಈ ಕಡೆಗೆ ಬಂದಿತ್ತು. ಸಿದ್ದರಾಮು ಮಗುಚಿದ್ದನ್ನು ವಿವರಿಸಿದ. ಮುಖ ಅದೇ, ಕೂದಲೂ ಅದೇ, ಕನ್ನಡಿಯಲ್ಲಿ ನೋಡಿಕೊಂಡ ಹಾಗೆ ಅಷ್ಟೇ ಎಂದ.

"ಅದಕ್ಕೇ ಕಣಣ್ಣ. ಇದು ಅವ್ರು ಕನ್ನಡೀಲಿ ಕಂಡ್ಕೊಂಡಿದ್ ಮಖ. ನಾನು ಕಂಡಿದ್ದಲ್ಲ." ಆಮೇಲೆ ಅವಳ ಕಣ್ಣು ಕತ್ತಿನ ಮೇಲೆ ಬಿತ್ತು. "ತಾಳಿ ಬೇರೆ ಕಟ್ಟಿದ್ದೀಯ. ನೀನು ಯಾವನು ನಂಗೆ ತಾಳಿ ಕಟ್ಟಾಕೆ?"

ಸಿದ್ದರಾಮುವಿಗೆ ನೆಲ ಬಿರಿದಿದ್ದರೆ ಆಗುತ್ತಿತ್ತು. ಮಳವಳ್ಳಿಯ ನೆಲ ಗಟ್ಟಿ, ಬಿರಿಯಲಿಲ್ಲ. ಮಲ್ಲಿಗಮ್ಮ ಕೋಪದಲ್ಲಿ ಕೂಗಲೂ ಇಲ್ಲ. ಅಪ್ಪುವಿಗೆ ಹೇಳುತ್ತೇನೆ ಬಿಡು ಎಂದು ಮೆಟ್ಟಿಲು ಇಳಿದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಹಿಂದಕ್ಕೆ ಕರೆಯಬೇಕು ಎಂದು ಬಾಗಿಲವರೆಗೆ ಬಂದವನು ವಾಪಸು ಹೋಗಿ ಕಂಪ್ಯೂಟರು ಆರಿಸಿದ.

ಆಮೇಲಿನ ದಿನಗಳಲ್ಲಿ ಸಿದ್ದರಾಮು ಗಿರಾಕಿಗಳಿಗೆ ಪ್ಲಾನೇ ಇಲ್ಲದೆ ಫೋಟೋ ಹೊಡೆದು ಕಳಿಸಿದ. ಊರವರು ಹೆದರಿದರು, ಮನುಷ್ಯನಿಗೆ ಏನೋ ಆಗಿದೆ ಎಂದರು. ಮಗುಚಿದ್ದನ್ನು ಮತ್ತೆ ಮಗುಚಿ ಬಾವನನ್ನು ಬಾವನ ಹಾಗೇ ಮಾಡಿದ, ಬರೆದ ತಾಳಿಯನ್ನು ಅಳಿಸಿದ. ಈಗ ಮತ್ತೆ ನಾಗರಾಜು ತನ್ನ ಬಲಕ್ಕೆ ತಿರುಗಿ, ಯಾರೂ ಇಲ್ಲದ ಜಾಗಕ್ಕೆ ನಗುತ್ತಿದ್ದ. ಆ ಖಾಲಿ ಜಾಗವನ್ನು ಸಿದ್ದರಾಮು ನೋಡುತ್ತಾ ಕೂತ. ಕೈ ಸುಮ್ಮನಿರದೆ ಮಲ್ಲಿಗಮ್ಮನ ಗೊಂಬೆಯನ್ನು ಎಡದಿಂದ ಎತ್ತಿ ಆ ಬಲಗಡೆಯ ಖಾಲಿ ಜಾಗಕ್ಕೆ ಕೂರಿಸಿತು.

ಎಲ್ಲ ಸರಿಹೋಯಿತು. ನಗು ಹೆಂಡತಿಗೆ ತಲುಪಿತು, ಬೆಳಕು ಹೊಂದಿತು, ಗಾಯ ತನ್ನ ಜಾಗದಲ್ಲೇ ಉಳಿಯಿತು. ತಪ್ಪಿದ್ದು ಒಂದೇ, ಶಾಸ್ತ್ರ. ಗಂಡನ ಬಲಕ್ಕೆ ಹೆಂಡತಿ. ಇದನ್ನು ತಂಗಿಯ ಮುಂದೆ ಯಾವ ಬಾಯಲ್ಲಿ ಹೇಳುವುದು. ಮೊದಲೇ ಗಂಡನಿಲ್ಲದವಳು, ನಿನ್ನ ಜಾಗ ಎಡವಲ್ಲ ಎಂದರೆ ಏನೆಂದುಕೊಂಡಾಳು.

ಹೇಳದಿದ್ದರೆ ಚೊಂಬು ಅಪ್ಪುವಿನ ಕೈಗೆ ಹೋಗುತ್ತದೆ. ಪ್ರೈವೇಟು ಬಸ್ಸು ಹತ್ತಿ ಕಿರುಗಾವಲಿಗೆ ಹೋದ. ಪ್ಲಾನನ್ನು ಕಾಗದದಲ್ಲಿ ತೆಗೆದು ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದ. ತಂಗಿ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು. ಅವನೇ ಕಾಗದ ಬಿಚ್ಚಿ ಮೊರದ ಪಕ್ಕಕ್ಕಿಟ್ಟ. ಬಲಗಡೆ ಆಗುತ್ತದೆ, ಬೇರೆ ದಾರಿ ಕಾಣಲಿಲ್ಲ ಎಂದು ನೆಲಕ್ಕೆ ಹೇಳಿದ.

ಮಲ್ಲಿಗಮ್ಮ ಕೇರುವುದನ್ನು ನಿಲ್ಲಿಸಿದಳು. ಕಾಗದದ ಮೇಲೆ ಬಿದ್ದ ಕಾಳನ್ನು ಒಂದೊಂದಾಗಿ ಎತ್ತಿ ಮೊರಕ್ಕೆ ಹಾಕಿದಳು. ಬೂದಿ ಬಣ್ಣದ ಗೊಂಬೆಯೊಂದು, ಪಕ್ಕದಲ್ಲಿ ಬಾಯಿ ತುಂಬ ನಗುವ ಗಂಡ.

"ಬಲಗಡೆ ಕುಂತಿದ್ದೆ ಕಣಣ್ಣ ನಾನು," ಎಂದಳು. "ಹಸೆ ಮ್ಯಾಲೆ. ತಾಳಿ ಕಟ್ಟೋಗಂಟ ಹೆಣ್ಣು ಬಲಕ್ಕೇ ತಾನೆ ಕುಂತ್ಕಳೋದು? ಪೇಟ ಜಾರಿ ಕಣ್ಮ್ಯಾಕೆ ಬಂದಿತ್ತು ಅವ್ರುಗೆ. ನನ್ ಕಡೆ ತಿರುಗಿ ಇಂಗೇ ನಕ್ಬುಟ್ರು. ನೀನು ಎದ್ರುಗೇ ನಿಂತು ಚಟಕ್ ಅನ್ಸಿದ್ದೆ."

ಅದು ರೀಲಿಗೆ ಬೀಳದ ಫೋಟೋ. ಸಿದ್ದರಾಮುವಿಗೂ ನೆನಪಾಯಿತು. ಜಾರಿದ ಪೇಟ, ಅರಿಶಿನದ ಕೆನ್ನೆ, ಗುಂಡಿಯ ಮೇಲಿನ ತನ್ನ ಬೆರಳು. ಎಲ್ಲ ಇತ್ತು, ರೀಲೊಂದು ಬಿಟ್ಟು.

ಹಾಗಾದರೆ ಕತ್ತಿಗೇನು ಮಾಡೋಣ ಎಂದು ಮೆಲ್ಲಗೆ ಕೇಳಿದ. ಬಲಕ್ಕೆ ಕೂತವಳ ಕತ್ತನ್ನು ಯಾರೂ ಕೇಳುವುದಿಲ್ಲ, ಬರಿದೇ ಇರಲಿ ಎಂದಳು. ಬರುವ ದಿನ ಯಾವುದು ಎಂದು ಅವಳೇ ಹೇಳಿದಳು. ಅವನಿಗೆ ಆರಿಸಲು ಬಿಡಲಿಲ್ಲ.

ಆ ದಿನ ಸಿದ್ದರಾಮು ಅಂಗಡಿಯ ನೆಲದ ಮೇಲೆ ಎಳೆದ ಸೀಮೆಸುಣ್ಣದ ಗೀಟುಗಳನ್ನು ನೋಡಿ, ಇಲ್ಲೇನು ಹೊಸ ಬಡಾವಣೆಗೆ ಸೈಟು ಹಂಚುತ್ತಿದ್ದಾರಾ ಎಂದು ದಾರಿಹೋಕರು ವಿಚಾರಿಸಿಕೊಂಡು ಹೋದರು. ಲೈಟಿಗೊಂದು ಗುರುತು, ಸ್ಟೂಲಿಗೊಂದು ಗುರುತು, ಅವಳ ಪಾದಕ್ಕೊಂದು ಗುರುತು. ನಾಗರಾಜು ಬರಬೇಕಾದ ಜಾಗದಲ್ಲಿ ಖಾಲಿ ಕುರ್ಚಿ ಇಟ್ಟು, ಅವನ ಹೆಗಲ ಎತ್ತರಕ್ಕೆ ಒಂದು ಕೋಲು ಕಟ್ಟಿ, ಮಲ್ಲಿಗಮ್ಮ ಮನೆಯಿಂದ ತಂದಿದ್ದ ಅವನ ಟವೆಲ್ಲನ್ನೇ ನೇತುಹಾಕಿದ. ಮಲ್ಲಿಗಮ್ಮ ಕ್ಯಾಮೆರಾವನ್ನೇ ನೋಡಬೇಕು. ಹಾಗೆ ನೋಡಿದರೆ ಬೆಳಕು ಬಾವನ ಮುಖದ ಮೇಲಿರುವ ಹಾಗೇ ಇವಳ ಮುಖದ ಮೇಲೂ ಕೂರುತ್ತದೆ. ಪ್ಲಾನು ಕೂದಲಷ್ಟೂ ತಪ್ಪುವ ಹಾಗಿರಲಿಲ್ಲ. ನೂರು ಸಲ ನೋಡಿದ್ದ. ನೂರಾ ಒಂದನೆಯದಕ್ಕೆ ಆಶಾರಾಣಿ ಮೌಸು ಕಿತ್ತುಕೊಂಡಿದ್ದಳು.

ಮಲ್ಲಿಗಮ್ಮ ಕೂತಳು. ಅವನು ಕ್ಯಾಮೆರಾದ ಹಿಂದೆ ಬಗ್ಗಿದ. ಬೆರಳಿಗೆ ಅದೇ ಹಳೇ ಜ್ವರ. ಇಲ್ಲಿ ನೋಡಮ್ಮ ಎಂದ. ನೋಡಿದಳು. ಬೆಳಕು ಹೇಳಿದ ಜಾಗದಲ್ಲಿ ಹೇಳಿದಷ್ಟೇ ಬಿದ್ದಿತ್ತು. ಅವನು ಗುಂಡಿ ಒತ್ತುವುದಕ್ಕೂ, ಅವಳು ಕತ್ತು ತಿರುಗಿಸಿ ಖಾಲಿ ಕುರ್ಚಿಯನ್ನು ನೋಡುವುದಕ್ಕೂ ಸರಿಹೋಯಿತು.

ಚಟಕ್.

ಬೆಳಕೆಲ್ಲ ಕಿವಿಗೆ, ಕೆನ್ನೆಗೆ ಹೋಯಿತು. ಕಣ್ಣು ಎರಡೂ ನೆರಳಿಗೆ ಬಿದ್ದವು. ಸಿದ್ದರಾಮು ಕ್ಯಾಮೆರಾದ ಬೆನ್ನಿನಲ್ಲಿ ನೋಡಿಕೊಂಡು ಅಳುವಂತಾದ. ಇನ್ನೊಂದು ಹೊಡೀತೀನಿ ಎಂದ. ಪ್ಲಾನ್ ಸಿದ್ದರಾಮುವಿನ 'ಇನ್ನೊಂದು' ಎಂಬ ಮಾತನ್ನು ಆ ಗೋಡೆಗಳು ಅದೇ ಮೊದಲು ಕೇಳಿದ್ದು. ಮಲ್ಲಿಗಮ್ಮ ಆಗಲೇ ಎದ್ದು ಟವೆಲ್ಲು ಮಡಿಸುತ್ತಿದ್ದಳು. ಸಾಕು, ಅದನ್ನೇ ಹಾಕು ಎಂದಳು.

ಕಣ್ಣು ಕಾಣುವುದಿಲ್ಲ, ಎಲ್ಲ ನೆರಳಾಗಿದೆ, ಪ್ಲಾನಿನಲ್ಲಿ ಹೀಗಿರಲಿಲ್ಲ ಎಂದು ಅವನು ಬೇಡಿಕೊಂಡ.

"ಇರ್ಲಿ ಬುಡು," ಎಂದಳು. "ಆ ನೆಳ್ಳು ನಿಂದೇ. ನಿನ್ ಕೈಯಿಂದ್ಲೇ ಬಂದದ್ದು, ಅಲ್ಲೇ ಇರ್ಲಿ."

ಆಶಾರಾಣಿ ಟೀ ತಂದಿದ್ದಳು. ಬಸ್ಸಿಗೆ ಹೊತ್ತಾಯಿತು ಎಂದು ಮಲ್ಲಿಗಮ್ಮ ಹೊರಟಳು. ಟೀ ಆರಿ ಕೆನೆ ಕಟ್ಟುವವರೆಗೆ ಸಿದ್ದರಾಮು ಲೋಟವನ್ನೇ ನೋಡುತ್ತಿದ್ದ. ಆ ನೆರಳನ್ನು ಕಂಪ್ಯೂಟರಿನಲ್ಲಿ ಅಳಿಸಲು ಅವನಿಗೆ ಚಿಟಿಕೆ ಹೊಡೆಯುವಷ್ಟು ಹೊತ್ತು ಸಾಕಾಗಿತ್ತು. ಮೌಸಿನ ಮೇಲೆ ಕೈ ಇಟ್ಟ, ತೆಗೆದ, ಇಟ್ಟ. ಕಡೆಗೆ ಬಾವನನ್ನು ತಂದು ಅವಳ ಪಕ್ಕಕ್ಕೆ ಕೂರಿಸಿದ, ನೆರಳನ್ನು ಮುಟ್ಟಲಿಲ್ಲ.

ಮದುವೆ ಮಳವಳ್ಳಿಯ ಕಲ್ಯಾಣ ಮಂಟಪದಲ್ಲಿ. ಫೋಟೋವನ್ನು ಮಂಟಪದ ಪಕ್ಕದ ಕುರ್ಚಿಯ ಮೇಲೆ ಇಟ್ಟರು. ಗಂಡ ಬಾಯಿ ತುಂಬ ನಗುತ್ತಾ ಹೆಂಡತಿಗೆ ಏನೋ ಹೇಳುತ್ತಿದ್ದಾನೆ. ಹೆಂಡತಿ ನಗದೆ ಅವನನ್ನೇ ನೋಡುತ್ತಿದ್ದಾಳೆ, ಕಣ್ಣು ನೆರಳಲ್ಲಿ. ಬಂದವರೆಲ್ಲ ನಿಂತು ನೋಡಿದರು. ಜಗಳ ಆಡುತ್ತಿದ್ದಾರೆ ಕಣ್ರೋ ಎಂದ ಒಬ್ಬ. ಸತ್ತ ಮೇಲೂ ಬಿಡಲಿಲ್ಲ ಇವಳು ಎಂದ ಇನ್ನೊಬ್ಬ. ಅಪ್ಪು ದೂರದಿಂದ ನೋಡಿ, ಹತ್ತಿರದಿಂದ ನೋಡಿ, ಅತ್ತಿಗೆ ಬಲಕ್ಕೆ ಕೂತಿದ್ದಾರಲ್ಲ, ಇದೆಲ್ಲಿಯ ಶಾಸ್ತ್ರ, ಫೋಟೋ ತೆಗೆದವನಿಗೆ ಎಡಬಲ ತಿಳಿಯದಾ ಎಂದು ಎಲ್ಲರಿಗೂ ಕೇಳುವ ಹಾಗೆ ಗೊಣಗಿದ. ಸಿದ್ದರಾಮು ಕಂಬದ ಮರೆಗೆ ಸರಿದ. ಎಲ್ಲರ ಕಣ್ಣಿಗೂ ಕಾಣುತ್ತಿದ್ದದ್ದು ಜಗಳ, ಇಲ್ಲವೇ ಬಲಗಡೆ ಕೂತದ್ದು. ಅವನ ಕಣ್ಣಿಗೆ ಮಾತ್ರ ಆ ನೆರಳು ಕುರ್ಚಿಯಿಂದ ಇಳಿದು ಬಂದು ಮಂಟಪದ ತುಂಬ ಹರಡಿಕೊಂಡ ಹಾಗಿತ್ತು.

ಮುಹೂರ್ತ ಬಂತು. ಪುರೋಹಿತರು ಧಾರೆಯವರು ಬನ್ನಿ ಎಂದರು. ಅಪ್ಪು ಒಂದು ಹೆಜ್ಜೆ ಮುಂದಿಟ್ಟ. ಮಲ್ಲಿಗಮ್ಮ ಚೊಂಬನ್ನು ಎತ್ತಿ, ಜನದ ನಡುವೆ ಹಾದು, ಕಂಬದ ಹತ್ತಿರ ಬಂದು ಅಣ್ಣನ ಕೈಗೆ ಕೊಟ್ಟಳು. ಅವನ ಮುಖ ಮಾತ್ರ ನೋಡಲಿಲ್ಲ. ಸಿದ್ದರಾಮು, ಆಶಾರಾಣಿ ಹೋಗಿ ನಿಂತರು. ಮಂಜುಶ್ರೀಯ ಕೈ, ಹುಡುಗನ ಕೈ, ತೆಂಗಿನಕಾಯಿ, ಎಲ್ಲ ಸಿದ್ಧವಾಗಿತ್ತು. ಚೊಂಬು ಎಷ್ಟು ಬಗ್ಗಿಸಬೇಕು, ಧಾರೆ ಎಲ್ಲಿಂದ ಬೀಳಬೇಕು ಎಂದು ಅವನು ನೋಡುತ್ತಲೇ ನಿಂತ.

"ಎರೀರಿ ಸಿದ್ದರಾಮಣ್ಣ, ಮೂರ್ತ ಮೀರ್ತದೆ," ಎಂದ ಅಪ್ಪು ಹಿಂದಿನಿಂದ. "ಪ್ಲಾನು ಆಮ್ಯಾಕೆ ಮಾಡ್ಕಳಿ."

ಮಂಟಪವೆಲ್ಲ ನಕ್ಕಿತು. ಸಿದ್ದರಾಮು ಎರೆದ. ಅರ್ಧ ತೆಂಗಿನಕಾಯಿ ಮೇಲೆ ಬಿತ್ತು, ಅರ್ಧ ಹುಡುಗನ ಪಂಚೆ ಮೇಲೆ.

ತಾಳಿ ಕಟ್ಟಿದ್ದಾಯಿತು. ಹೆಣ್ಣನ್ನು ಎಡಕ್ಕೆ ಕೂರಿಸಿ ಎಂದರು ಪುರೋಹಿತರು. ಮಂಜುಶ್ರೀ ಎದ್ದು ಗಂಡನ ಸುತ್ತ ಬಂದು ಎಡಕ್ಕೆ ಕೂತಳು. ಆಗ ಮುಂದಿನ ಸಾಲಿನಲ್ಲಿದ್ದ ಪಟ್ಟಲಮ್ಮ ಎಂಬ ಹಣ್ಣು ಮುದುಕಿ ಕೋಲೆತ್ತಿ ಫೋಟೋ ಕಡೆ ತೋರಿಸಿ, ಆ ತಾಯಿಯನ್ನೂ ಯಾರಾದರೂ ಎಡಕ್ಕೆ ಕೂರಿಸಬಾರದೇ ಎಂದಳು. ಕುಹಕವಿರಲಿಲ್ಲ, ಮುದುಕಿಗೆ ಕಣ್ಣು ಮಂಜು, ಎದುರಿಗಿರುವುದು ಫೋಟೋ ಎಂದೇ ಗೊತ್ತಾಗಿರಲಿಲ್ಲ. ನಗು ನಿಂತಿತು. ಎಲ್ಲರೂ ಮಲ್ಲಿಗಮ್ಮನನ್ನು ನೋಡಿದರು. ಸಿದ್ದರಾಮು ಖಾಲಿ ಚೊಂಬನ್ನು ಎದೆಗೆ ಅವುಚಿಕೊಂಡ.

ಮಲ್ಲಿಗಮ್ಮ ಮುದುಕಿಯ ಹತ್ತಿರ ಬಗ್ಗಿ, ಕಿವಿ ಕೇಳಿಸದವರಿಗೆ ಹೇಳುವ ಹಾಗೆ ಜೋರಾಗಿ ಹೇಳಿದಳು.

"ಅವ್ರದು ಇನ್ನೂ ಮಾತು ಮುಗ್ದಿಲ್ಲ ಕಣಜ್ಜಿ. ಮುಗೀಲಿ, ಆಮ್ಯಾಕೆ ಎಡಕ್ಕೆ ಬತ್ತೀನಿ."